ಬ್ಲಾಕ್ (ನರದ ಪಕ್ಕ ಮರಗಟ್ಟಿಸೋ ಇಂಜೆಕ್ಷನ್) ಹಾಕೋಕೆ ಪೋರ್ಟಬಲ್ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಷಿನ್ ಕಾರಲ್ಲಿ ಇಟ್ಕೊಂಡು ಓಡಾಡಬಹುದಾ?

ತುಂಗಾತೀರ:
ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ನರ್ಸಿಂಗ್ ಹೋಮ್‌ನವ್ರು ಕರೆದಾಗ ಹೋಗಿ ಅನಸ್ತೇಶಿಯಾ ಕೊಡ್ತೀನಿ. ಅಡಿಕೆ ಕೊಯ್ಲು ಶುರುವಾದ್ರೆ ಮರದಿಂದ ಬಿದ್ದು ಕೈ ಮುರ್ಕೊಂಡೋರು, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟ ಮುರ್ಕೊಂಡ ಅಜ್ಜಿಯರು, ಇವೇ ಕೇಸು ಜಾಸ್ತಿ. ಕೈ ಮರಗಟ್ಟಿಸೋಕೆ ಕಾಲರ್ ಬೋನ್ ಮೇಲೆ ಹಾಕೋ ಸುಪ್ರಾಕ್ಲಾವಿಕ್ಯುಲರ್ ಬ್ಲಾಕ್ ಇಷ್ಟು ದಿನ ನರ್ವ್ ಸ್ಟಿಮ್ಯುಲೇಟರ್ (ಸಣ್ಣ ಕರೆಂಟ್ ಕೊಟ್ಟು ನರ ಹುಡುಕೋ ಉಪಕರಣ) ನಂಬ್ಕೊಂಡೇ ಹಾಕ್ತಿದ್ದೆ, ಆದ್ರೆ ಪ್ಲೂರಾ (ಶ್ವಾಸಕೋಶದ ಪೊರೆ) ಅಲ್ಲೇ ಪಕ್ಕದಲ್ಲಿರುತ್ತಲ್ಲ, ಸೂಜಿ ಒಳಗೆ ಹೋದಾಗಲೆಲ್ಲ ನಂಗೇ ಎದೆ ಢವಢವ. ಒಂದು ಪೋರ್ಟಬಲ್ ತಗೊಂಡು ಜೊತೆಗೇ ಒಯ್ದ್ರೆ ಹೇಗೆ?

ಹಿನ್ನೀರು:
ಅಯ್ಯೋ ಬೇಡ ಮಾರಾಯ್ರೆ! ನೀವು ನೋಡೋದು ಕುತ್ತಿಗೆ ನರ ಆದ್ರೂ ಮಷಿನ್ ಪಿಸಿಪಿಎನ್‌ಡಿಟಿ ಕಾಯ್ದೆ (ಭ್ರೂಣಲಿಂಗ ಪತ್ತೆ ತಡೆಯೋ ಕಾನೂನು) ಅಡಿ ಬರುತ್ತೆ. 2012ರ ತಿದ್ದುಪಡಿ ಆದ್ಮೇಲೆ ಪೋರ್ಟಬಲ್ ಅಂದ್ರೆ ನೋಂದಣಿಯಾದ ಆಸ್ಪತ್ರೆ ಒಳಗೆ, ಅಲ್ಲಿನ ಒಳರೋಗಿಗಳಿಗೆ ಮಾತ್ರ, ಇಲ್ಲಾಂದ್ರೆ ಮೊಬೈಲ್ ಮೆಡಿಕಲ್ ಯುನಿಟ್ಟಿಗೆ (ಸಂಚಾರಿ ಆಸ್ಪತ್ರೆ ಗಾಡಿ). ಡಿಕ್ಕೀಲಿ ಇಟ್ಕೊಂಡು ಆಗುಂಬೆ ಕಡೆ ಹೋಗೋ ಆಸೆ ಬಿಡಿ, ಸೀಜ್ ಮಾಡ್ತಾರೆ. ಆಗ್ಲೇ ಮಷಿನ್ ಇರೋ ಆಸ್ಪತ್ರೆಯವ್ರಿಗೆ ಒಂದು ಲೀನಿಯರ್ ಪ್ರೋಬ್ (ಚರ್ಮದ ಹತ್ತಿರದ್ದನ್ನ ಸ್ಪಷ್ಟ ತೋರಿಸೋ, ಮೈಮೇಲೆ ಇಡೋ ಭಾಗ) ತರಿಸೋಕೆ ಹೇಳಿ, ನೀವು ಬಳಸೋಕೆ ಏನೇನು ಕಾಗದ ಬೇಕು ಅಂತ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಲ್ಲಿ ಕೇಳ್ಕೊಳ್ಳಿ.

ಸೂಜಿಮೊನೆ:
ಹೌದು, ಲೀನಿಯರ್ರೇ ಬೇಕು, ಹೊಟ್ಟೆ ನೋಡೋ ಪ್ರೋಬಲ್ಲಿ ಮೇಲಿನ ನರ ಬರೀ ಮಸಕು. ಕಾಲರ್ ಬೋನ್ ಹಿಂದೆ ಇಟ್ಟಾಗ ಸಬ್‌ಕ್ಲೇವಿಯನ್ ಆರ್ಟರಿ (ಕೈಗೆ ಹೋಗೋ ರಕ್ತನಾಳ) ಕಪ್ಪಗೆ ಮಿಡೀತಿರುತ್ತೆ, ಅದರ ಹೊರಬದಿಗೆ ಸ್ವಲ್ಪ ಮೇಲೆ ದ್ರಾಕ್ಷಿ ಗೊಂಚಲು ಥರ ಕಾಣೋದೇ ಪ್ಲೆಕ್ಸಸ್, ಅಂದ್ರೆ ಕೈಗೆ ಹೋಗೋ ನರಗಳ ಗುಂಪು. ಕೆಳಗೆ ಎರಡು ಬಿಳಿ ಗೆರೆ ಇರ್ತವೆ, ಉಸಿರಾಡಿದಾಗ ಜಾರೋದು ಪ್ಲೂರಾ, ಅಲ್ಲಾಡ್ದೆ ಹಿಂದೆ ಕಪ್ಪು ನೆರಳು ಬಿಡೋದು ಮೊದಲ್ನೇ ಪಕ್ಕೆಲುಬು. ಇನ್-ಪ್ಲೇನ್ ಹೋಗಿ (ಸೂಜಿ ಉದ್ದಕ್ಕೂ ಸ್ಕ್ರೀನಲ್ಲಿ ಕಾಣೋ ಹಾಗೆ), ತುದಿ ಕಾಣ್ದೇ ಇದ್ರೆ ಒಂದು ಮಿಲಿಮೀಟರೂ ತಳ್ಳಬೇಡಿ, ಸೂಜಿ ಮಧ್ಯಭಾಗ ನೋಡ್ಕೊಂಡು ಅದೇ ತುದಿ ಅಂದ್ಕೊಳ್ಳೋರೇ ಜಾಸ್ತಿ. ಮಷಿನ್ ಇದೆ ಅಂತ 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟ್ಲಿ ಮರೀಬೇಡಿ, ಮರಗಟ್ಟಿಸೋ ಔಷಧಿ ರಕ್ತಕ್ಕೆ ಹೋಗಿ ಫಿಟ್ಸ್ ಬಂದ್ರೆ ಅದು ಬೇಕೇ ಬೇಕು, ಮೊದಲ ಡೋಸ್ ಕೆಜಿಗೆ 1.5 ಎಂಎಲ್.

ಹಳೇ_ಒಟಿ:
ಕೈಗೆ ಮಷಿನ್ ಬೇಕು ಒಪ್ಪಿದೆ, ಅಜ್ಜಿಯರಿಗೆ ಯಾಕಪ್ಪ ಕಾಯ್ತೀರ? ಸ್ಪೈನಲ್‌ಗೆ (ಬೆನ್ನಿಗೆ ಕೊಡೋ ಅನಸ್ತೇಶಿಯಾ) ಕೂರಿಸೋ ಮುಂಚೆ ಫೇಸಿಯಾ ಇಲಿಯಾಕಾ ಬ್ಲಾಕ್ (ತೊಡೆಸಂದಿ ಹತ್ರ ಕೊಡೋದು) ಹಾಕಿ. ಸೊಂಟದ ಮುಂಭಾಗದ ಎಲುಬಿನ ಮೊನೆಯಿಂದ ಪ್ಯೂಬಿಕ್ ಟ್ಯೂಬರ್ಕಲ್‌ಗೆ (ಕೆಳಹೊಟ್ಟೆ ಕೊನೇಲಿ ಸಿಗೋ ಎಲುಬಿನ ಉಬ್ಬು) ಗೆರೆ ಎಳೆದು ಮೂರು ಪಾಲು ಮಾಡಿ, ಹೊರಗಿನ ಪಾಲು ಮುಗಿಯೋ ಕಡೆ 1 ಸೆಂ.ಮೀ. ಕೆಳಗೆ ಸೂಜಿ, ಎರಡು ಪೊರೆ ದಾಟುವಾಗ ಎರಡು ಸಲ ಟಕ್ ಅನ್ಬೇಕು. ತೂಕ ನೋಡ್ಕೊಂಡು 0.2% ರೋಪಿವಕೇನ್ (ಮರಗಟ್ಟಿಸೋ ಔಷಧಿ) 30 ಎಂಎಲ್, 20 ನಿಮಿಷ ಬಿಡಿ, ಕಿರುಚದೇ ಕೂತ್ಕೋತಾರೆ.

ತುಂಗಾತೀರ:
ಥ್ಯಾಂಕ್ಸ್, ಸಾಗರದಲ್ಲಿ ಪ್ರೋಬ್ ಮಾತಾಡ್ತೀನಿ. ಸರ್, ಆ ಟಕ್‌ಗೆ ಮಾಮೂಲಿ ಸೂಜಿ ಸಾಕಾ?

ಹಳೇ_ಒಟಿ:
ಚೂಪಾದ್ರೆ ಗೊತ್ತೇ ಆಗಲ್ಲ. ಮೊಂಡು ತುದೀದು ತಗೊಳ್ಳಿ, ಎಪಿಡ್ಯೂರಲ್ ಸೂಜಿನೂ ನಡೆಯುತ್ತೆ.