ಡಿಸೈರೀ ಚಿಗುರುತ್ತೆ, ಕುಫ್ರಿ ಜ್ಯೋತಿ ಯಾಕೆ ಚಿಗುರ್ತಿಲ್ಲ?

ಲ್ಯಾಬ್_ಹುಡುಗಿ
ಎಲ್ರಿಗೂ ನಮಸ್ಕಾರ. ಒಂದೇ ದಿನ ಒಂದೇ ಅಗ್ರೋಬ್ಯಾಕ್ಟೀರಿಯಂ (ಗಿಡಕ್ಕೆ ಜೀನ್ ಸೇರಿಸೋ ಬ್ಯಾಕ್ಟೀರಿಯಾ) ಕಲ್ಚರ್‌ನಲ್ಲಿ ಎರಡೂ ಆಲೂಗಡ್ಡೆ ತಳಿಯ ಎಲೆ, ಕಾಂಡದ ತುಂಡು ಅದ್ದಿ ಇಟ್ಟೆ, ತುಂಡು ಬೆಳೆಯೋ ಪೋಷಕ ಮೀಡಿಯಾನೂ ಒಂದೇ. ಡಿಸೈರೀಲಿ ಐದನೇ ವಾರಕ್ಕೆ ಕತ್ತರಿಸಿದ ಅಂಚಲ್ಲೆಲ್ಲ ಹಸಿರು ಮೊಗ್ಗು, ಜ್ಯೋತೀಲಿ ಗಂಟುಗಂಟಾಗಿ ಕ್ಯಾಲಸ್ (ರೂಪ ಇಲ್ಲದ ಕೋಶಗಳ ಮುದ್ದೆ) ಬಂದು ಅಷ್ಟಕ್ಕೇ ನಿಂತು ಕಂದಾಗೋಯ್ತು. ಮೂರು ಸಲ ಹಿಂಗೇ ಆಗಿದೆ. ನಮ್ಮೂರು ಹಾಸನದ ಕಡೆ, ಅಂಗಮಾರಿ ರೋಗ ಬಿತ್ತು ಅಂದ್ರೆ ಹೊಲಕ್ಕೆ ಹೊಲಾನೇ ಸುಟ್ಟಂಗಾಗುತ್ತೆ, ಅದನ್ನ ತಡೆಯೋ ಜೀನನ್ನ ಜ್ಯೋತಿಗೇ ಹಾಕ್ಬೇಕು ಅಂತಿದೀನಿ, ಹಂಗಾಗಿ ಜ್ಯೋತಿ ಬಿಡೋಕೆ ಮನಸ್ಸಿಲ್ಲ. ತಪ್ಪು ನನ್ನ ಕೈದಾ, ತಳೀದಾ?

ಟಿಶ್ಯೂ_ಅಕ್ಕ
ಒಂದೇ ಕೈಯಲ್ಲಿ ಡಿಸೈರೀ ಬಂದಿದೆ ಅಂದ್ಮೇಲೆ ಕೈ ಸರಿಯಾಗೇ ಇದೆ ಕಣಮ್ಮ. ಆದ್ರೆ ಜೀನ್ ಒಳಗೆ ಹೋಗೋದು ಬೇರೆ, ಆ ಜೀವಕೋಶ ಗಿಡ ಆಗೋದು ಬೇರೆ, ಎರಡನ್ನೂ ಬೆರೆಸಿ ನೋಡ್ಬೇಡ. ಬ್ಯಾಕ್ಟೀರಿಯಾನೂ ಇಲ್ದೆ ಕನಾಮೈಸಿನ್ನೂ (ಜೀನ್ ಹೊಗದ ಕೋಶಾನ ತಡೆಯೋ ಆಂಟಿಬಯೋಟಿಕ್) ಇಲ್ದೆ ಜ್ಯೋತಿ ತುಂಡು ಬರೀ ಮೀಡಿಯಾದಲ್ಲಿಡು. ಅಲ್ಲೂ ಚಿಗುರಿಲ್ಲ ಅಂದ್ರೆ ತೊಂದರೆ ರಿಜನರೇಶನ್ನಲ್ಲಿ, ಅಂದ್ರೆ ತುಂಡು ಮತ್ತೆ ಗಿಡ ಆಗೋದ್ರಲ್ಲಿ, ಚಿಗುರಿಸೋ ಹಾರ್ಮೋನು ಝಿಯಾಟಿನ್ ಪ್ರಮಾಣ ಬದಲಾಯಿಸಿ ನೋಡು. ಅಲ್ಲಿ ಚಿಗುರಿದ್ರೆ ಜೀನ್ ಹೊಕ್ಕ ಕಡೆ ನೀಲಿ ಬಣ್ಣ ತೋರಿಸೋ ಗಸ್ ಜೀನ್ ಹಾಕಿ ನಾಲ್ಕೈದು ದಿನಕ್ಕೆ ಸ್ಟೇನ್ ಮಾಡು, ನೀಲಿ ಚುಕ್ಕೆ ಎಲ್ಲಿ ಬಿದ್ದಿದೆ, ಚಿಗುರು ಎಲ್ಲಿ ಏಳ್ತಿದೆ ಅಂತ ಪಕ್ಕಪಕ್ಕ ಇಟ್ಟು ನೋಡು. ಎಷ್ಟೋ ಸಲ ಜೀನ್ ಹೊಕ್ಕ ಕೋಶ ಚಿಗುರಲ್ಲ, ಚಿಗುರೋ ಕೋಶಕ್ಕೆ ಜೀನ್ ಹೊಕ್ಕಿರಲ್ಲ.

ನಾಲ್ಕು_ಪ್ರತಿ
ಅಕ್ಕ ಹೇಳಿದ್ದು ಸರಿ. ಚಿಗುರೋ ಗುಣ ಅಪ್ಪ ಅಮ್ಮನಿಂದ ಬರೋದೇ, ಡಿಪ್ಲಾಯ್ಡ್ (ಒಂದೊಂದು ಜೀನಿಗೆ ಎರಡೇ ಪ್ರತಿ ಇರೋ) ಆಲೂಗಡ್ಡೇಲಿ ಚಿಗುರೋದನ್ನ ಚಿಗುರದೇ ಇರೋದರ ಜೊತೆ ಕ್ರಾಸ್ ಮಾಡಿದ್ರೆ ಮರೀಲಿ ಕೆಲವು ಹಿಂಗೆ ಕೆಲವು ಹಂಗೆ ಬರುತ್ತೆ. ಹೊಲದ ಆಲೂಗಡ್ಡೇಲಿ ಇದನ್ನ ಹಿಡಿಯೋದು ಕಷ್ಟ, 48 ಕ್ರೋಮೋಸೋಮು, ಒಂದೊಂದು ಜೀನಿಗೂ ನಾಲ್ಕು ಪ್ರತಿ. ಒಂದೇ ಪ್ರತೀಲಿ ಒಳ್ಳೇ ಆವೃತ್ತಿ ಇದ್ರೆ ಏನೂ ಇಲ್ಲದ ಗಿಡದ ಜೊತೆ ಕ್ರಾಸಲ್ಲಿ ಅರ್ಧ ಮರಿಗೆ ಸಿಗುತ್ತೆ, ಎರಡು ಪ್ರತೀಲಿದ್ರೆ ಆರಕ್ಕೆ ಐದು ಮರಿಗೆ. ಅದಕ್ಕೇ ಜೀನ್ ಹುಡುಕೋರು ಡಿಪ್ಲಾಯ್ಡ್ ಕಡೆ ಹೋಗೋದು.

ಗಡ್ಡೆ_ಪ್ರೇಮಿ
ಇನ್ನೊಂದು ದಾರಿ ಇದೆ. ಮೆಕ್ಸಿಕೋದ ಕಾಡು ಆಲೂಗಡ್ಡೆಯ ಅಂಗಮಾರಿ ತಡೆಯೋ ಆರ್‌ಬಿ ಜೀನನ್ನ ಮೊದ್ಲು ಕಟಾದಿನ್ ಅನ್ನೋ ತಳಿಗೆ ಹಾಕಿದ್ರು, ಆಮೇಲೆ ನಮ್ಮ ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಆ ಗಿಡಾನ ಕುಫ್ರಿ ಜ್ಯೋತಿಗೆ ಕ್ರಾಸ್ ಮಾಡಿ ಅಂಗಮಾರಿ ತಡೆಯೋ ಮರಿ ಆರಿಸಿದ್ರು. ಆದ್ರೆ ಕ್ರಾಸ್ ಆದ್ಮೇಲೆ ಅದು ಜ್ಯೋತಿ ಅಲ್ಲ, ರೈತ್ರು ಗುರುತಿಸೋ ಗಡ್ಡೆ ಆಕಾರ, ಇಳುವರಿ ಎಲ್ಲಾ ಕಲಸಿರುತ್ತೆ. ಜ್ಯೋತಿಯನ್ನ ಜ್ಯೋತಿಯಾಗೇ ಉಳಿಸ್ಬೇಕು ಅಂದ್ರೆ ನಿಮ್ಮ ದಾರೀನೇ ಸರಿ ಮೇಡಂ, ಬಿಡ್ಬೇಡಿ.

ಲ್ಯಾಬ್_ಹುಡುಗಿ
ಅಕ್ಕ, ಕನಾಮೈಸಿನ್ ಇಲ್ಲದ ಪ್ಲೇಟು ಮೂರು ಸಲಾನೂ ಇಟ್ಟಿರ್ಲಿಲ್ಲ. ಇವತ್ತು ಸಂಜೆ 40 ತುಂಡು ಇಡ್ತೀನಿ, ಐದು ವಾರ ಆದ್ಮೇಲೆ ಇಲ್ಲೇ ಫೋಟೋ ಹಾಕ್ತೀನಿ.