ಆಟಕ್ಕೋಸ್ಕರ ಮಗನನ್ನು ಮತ್ತೆ ಏಳನೇ ಕ್ಲಾಸಿಗೇ ಕೂರಿಸುವುದಾ?

ಫ್ರಿಸ್ಕೋ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ, ಊರು ಶಿವಮೊಗ್ಗ. ಮಗ ಏಳನೇ ಕ್ಲಾಸು, ಹುಟ್ಟಿದ್ದು ಜುಲೈ ಕೊನೆಯಲ್ಲಿ. ಇಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್ ಸೇರಿಸಬಹುದು. ನಾವು ಸೇರಿಸಿಬಿಟ್ಟೆವು. ಹಾಗಾಗಿ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಇವನೇ ಎಲ್ಲರಿಗಿಂತ ಚಿಕ್ಕವನು.

ಸಾಕರ್ ಅಂದರೆ ಇವನಿಗೆ ಪ್ರಾಣ. ಆದರೆ ಎತ್ತರ 4 ಅಡಿ 8 ಇಂಚು. ಎದುರು ಟೀಮಿನ ಹುಡುಗರಿಗೆ ಆಗಲೇ ಮೀಸೆ ಚಿಗುರುತ್ತಿದೆ. ಹೋದ ಶನಿವಾರ ಒಬ್ಬ ಭುಜ ತಾಗಿಸಿದ್ದಷ್ಟೇ, ಇವನು ಗೆರೆಯಾಚೆ ಹೋಗಿ ಬಿದ್ದ. ಎದ್ದು ಮೊಣಕೈಗೆ ಮೆತ್ತಿದ್ದ ಹುಲ್ಲು ಒರೆಸಿಕೊಂಡು ಮತ್ತೆ ಓಡಿದ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ಇವನ ಕೋಚ್ ಹೇಳುತ್ತಾರೆ, ಒಂದು ವರ್ಷ ಪ್ರೈವೇಟ್ ಸ್ಕೂಲಿಗೆ ಹಾಕಿ ಏಳನೇ ಕ್ಲಾಸೇ ಮತ್ತೆ ಓದಿಸಿ, ಆಮೇಲೆ ವಾಪಸ್ ತನ್ನಿ, ಇಲ್ಲಿ ತುಂಬಾ ಜನ ಮಾಡುತ್ತಾರೆ ಅಂತ. ಮಾರ್ಕ್ಸ್ ಎಲ್ಲ ಚೆನ್ನಾಗಿವೆ. ವಿಷಯ ಕೇಳಿದಾಗಿನಿಂದ ಅವನದು ಒಂದೇ ಪ್ರಶ್ನೆ: "ಅಮ್ಮ, ನಾನು ಫೇಲ್ ಆದ ಹಾಗೇನಾ?" ಯಾರಾದರೂ ಹೀಗೆ ಮಾಡಿದ್ದೀರಾ?

ಆಸ್ಟಿನ್ ರಾಯರು:
ಮೇಡಂ, ಮೊದಲು ಒಂದು ಮಾತು. ಕ್ಲಬ್ ಸಾಕರ್‌ನಲ್ಲಿ ನೋಡುವುದು ಹುಟ್ಟಿದ ತಾರೀಕು, ಕ್ಲಾಸಲ್ಲ. ಏಳನೇ ಕ್ಲಾಸು ಎರಡು ಸಲ ಓದಿದರೂ ಕ್ಲಬ್‌ನಲ್ಲಿ ಅದೇ ಹುಡುಗರ ಜೊತೆಗೇ ಆಡಬೇಕು. ಅದರ ಮೇಲೆ, 2026-27ರಿಂದ ಹೆಚ್ಚಿನ ಕ್ಲಬ್ ಲೀಗ್‌ಗಳಲ್ಲಿ ವಯಸ್ಸಿನ ಲೆಕ್ಕ ಜನವರಿ 1ರ ಬದಲು ಆಗಸ್ಟ್ 1ರಿಂದ ಶುರು. ಜುಲೈ ಕೊನೆಯಲ್ಲಿ ಹುಟ್ಟಿದವನು ಅಲ್ಲೂ ಗುಂಪಿಗೇ ಕಿರಿಯ ಆಗುತ್ತಾನೆ. ಇದಕ್ಕೆ ಸ್ಕೂಲು ಏನೂ ಮಾಡಲಾರದು.

ಇನ್ನು ಸ್ಕೂಲ್ ಟೀಮು. ಟೆಕ್ಸಾಸ್ ಪಬ್ಲಿಕ್ ಸ್ಕೂಲುಗಳ ಆಟ ನಡೆಸುವುದು ಯುಐಎಲ್. ಆ ವರ್ಷದ ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು. ನಿಮ್ಮ ಮಗನಿಗೆ ಅದು ತೊಂದರೆಯಿಲ್ಲ. ಆದರೆ ಏಳು ಅಥವಾ ಎಂಟನೇ ಕ್ಲಾಸಿನಲ್ಲಿ ಆಟಕ್ಕಾಗಿಯೇ ಒಂದು ವರ್ಷ ಕೂರಿಸಿದರೆ ಹೈಸ್ಕೂಲಿನ ನಾಲ್ಕನೇ ವರ್ಷ ಆಡುವ ಹಾಗಿಲ್ಲ. ಅಂದರೆ ಮೈ ಕಟ್ಟಿಕೊಂಡು ಚೆನ್ನಾಗಿ ಆಡುವ ವರ್ಷವೇ ಹೋಯಿತು. ಕೋಚ್ ಇದನ್ನು ಹೇಳಿದರಾ? ಒಂಬತ್ತಕ್ಕೆ ಮುಂಚೆಯೇ ಕೂರಿಸುವುದಕ್ಕೂ ಕಾರಣ ಇದೆ. ಕಾಲೇಜು ಆಟ ನಡೆಸುವ ಎನ್‌ಸಿಎಎ ಸಂಸ್ಥೆ ಹೈಸ್ಕೂಲಿನ ನಾಲ್ಕು ವರ್ಷದ ಓದಿನ ಲೆಕ್ಕ ಶುರು ಮಾಡುವುದು ಒಂಬತ್ತನೇ ಕ್ಲಾಸಿನಿಂದ.

ಬೆಣ್ಣೆನಗರಿ ಹುಡುಗ:
ಅಕ್ಕ, ನಾನು ದಾವಣಗೆರೆಯವನು. ನಮ್ಮ ಕಡೆ ಕ್ರಿಕೆಟ್‌ಗೋಸ್ಕರ ಕ್ಲಾಸ್ ಹಿಂದೆ ಹಾಕುವುದಲ್ಲ, ಹುಟ್ಟಿದ ತಾರೀಕನ್ನೇ ಬದಲಾಯಿಸುತ್ತಿದ್ದರು. ಸ್ಕೂಲ್ ಬದಲಿಸುವಾಗ ನಮ್ಮಪ್ಪ ನನ್ನ ವಯಸ್ಸು ಒಂದು ವರ್ಷ ಕಮ್ಮಿ ಬರೆಸಿದರು. ಅದು ಸುಳ್ಳು, ನೀವು ಕೇಳುತ್ತಿರುವುದು ಸುಳ್ಳಲ್ಲ. ಆದರೂ ಹೇಳುತ್ತೇನೆ.

ಎರಡು ವರ್ಷ ನಾನೇ ರಾಜ. ಬಾಲ್ ಶಾರ್ಟ್ ಹಾಕಿದರೆ ಸಾಕು, ಎದುರಿದ್ದ ಹುಡುಗರು ಲೆಗ್ ಕಡೆ ಸರಿಯುತ್ತಿದ್ದರು. ಹಾಗಾಗಿ ಸ್ವಿಂಗ್ ಕಲಿಯಲಿಲ್ಲ, ಯಾರ್ಕರ್ ಕಲಿಯಲಿಲ್ಲ. ಬೇಕೇ ಆಗಿರಲಿಲ್ಲ. ಆಮೇಲೆ ಎಲ್ಲರೂ ನನ್ನಷ್ಟೇ ಎತ್ತರ ಬೆಳೆದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಂಡರ್ 16ಕ್ಕೆ ಮೂಳೆ ಟೆಸ್ಟ್ ಬೇರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುತ್ತಾರೆ. ಆ ತಣ್ಣನೆ ಪ್ಲೇಟ್ ಮೇಲೆ ಅಂಗೈ ಊರಿ ಬೆರಳು ಅಗಲಿಸಿ ಇಟ್ಟಿದ್ದು ಇನ್ನೂ ನೆನಪಿದೆ. ಕೈ ನಡುಗುತ್ತಿತ್ತು. ಅಲ್ಲಿಗೆ ಮುಗಿಯಿತು.

2015ರಲ್ಲಿ ಪಟೌಡಿ ಉಪನ್ಯಾಸದಲ್ಲಿ ದ್ರಾವಿಡ್ ಇದೇ ವಯಸ್ಸಿನ ಮೋಸದ ಬಗ್ಗೆ ಮಾತಾಡಿದ್ದರು. ದೊಡ್ಡವರೇ ಮಗುವಿಗೆ ಮೋಸ ಕಲಿಸುತ್ತಿದ್ದಾರೆ ಅನ್ನುವ ಅರ್ಥದಲ್ಲಿ. ಅದನ್ನು ಓದಿದ ದಿನ ನನಗೆ ನೆನಪಾಗಿದ್ದು ನಮ್ಮ ಬೀದಿಯ ಒಬ್ಬ ಹುಡುಗ. ನಾನು ಟೀಮಿಗೆ ಬಂದಿದ್ದಕ್ಕೆ ಹೊರಗೆ ಉಳಿದವನು ಅವನು. ಕಿಟ್ ಬ್ಯಾಗ್ ಸೈಕಲ್‌ಗೆ ಕಟ್ಟಿಕೊಂಡು ಬರುತ್ತಿದ್ದ. ಆಮೇಲೆ ಬರುವುದನ್ನೇ ಬಿಟ್ಟ.

ನಿಮ್ಮ ಮಗ ಬಿದ್ದು ಎದ್ದು ಓಡಿದ ಅಂದಿರಲ್ಲ, ಅದನ್ನು ಕೆಡಿಸಬೇಡಿ ಅಕ್ಕ.

ಮಿಲ್ಟನ್ ಕೀನ್ಸ್ ಕನ್ನಡಿಗ:
ಇಲ್ಲಿ ಇಂಗ್ಲೆಂಡ್‌ನ ಫುಟ್‌ಬಾಲ್ ಅಕಾಡೆಮಿಗಳು ಇನ್ನೊಂದು ದಾರಿ ಹಿಡಿದಿವೆ. ಆಗಾಗ ವಯಸ್ಸು ಬಿಟ್ಟು, ಮೈ ಎಷ್ಟು ಬೆಳೆದಿದೆ ಅನ್ನುವುದನ್ನು ನೋಡಿ ಗುಂಪು ಮಾಡಿ ಆಡಿಸುತ್ತಾರೆ. ಮಗುವಿನ ಎತ್ತರ, ತೂಕ, ಅಪ್ಪ ಅಮ್ಮನ ಎತ್ತರ ಇಟ್ಟುಕೊಂಡು ಲೆಕ್ಕ. ಬಯೋ-ಬ್ಯಾಂಡಿಂಗ್ ಅನ್ನುತ್ತಾರೆ. ನಿಮ್ಮ ಕ್ಲಬ್‌ನಲ್ಲೂ ಕೇಳಿ ನೋಡಿ. ಮನೆಯವರು ಯಾವ ವಯಸ್ಸಿನಲ್ಲಿ ಎತ್ತರ ಆದರು?

ಫ್ರಿಸ್ಕೋ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾಯರೇ, ನಾಲ್ಕನೇ ವರ್ಷದ ವಿಷಯ ಕೋಚ್ ಹೇಳಿರಲೇ ಇಲ್ಲ. ಶಿವಮೊಗ್ಗಕ್ಕೆ ಫೋನ್ ಮಾಡಿ ಅತ್ತೆಯನ್ನು ಕೇಳಿದೆ. ಇವರು ಎಸ್‌ಎಸ್‌ಎಲ್‌ಸಿ ತನಕ ಮೊದಲ ಬೆಂಚಂತೆ, ಎತ್ತರ ಆಗಿದ್ದು ಪಿಯುಸಿಯಲ್ಲಂತೆ. ಈಗ 5 ಅಡಿ 10 ಇಂಚು. ದಾವಣಗೆರೆ ತಮ್ಮಾ, ನೀನು ಬರೆದಿದ್ದನ್ನು ಮಗನಿಗೆ ಓದಿ ಹೇಳಿದೆ. ಸುಮ್ನೆ ಕೂತು ಕೇಳಿದ. ಆಮೇಲೆ, "ಆ ಸೈಕಲ್ ಹುಡುಗ ಈಗ ಎಲ್ಲಿದ್ದಾನಂತೆ?" ಅಂದ. ಗೊತ್ತಿದ್ದರೆ ಹೇಳು. ಇವನು ಎಂಟನೇ ಕ್ಲಾಸಿಗೇ ಹೋಗುತ್ತಾನೆ.