ಹೊಸಾ ಬೋರಿಗಿ ರೊಕ್ಕ ಕೂಡ್ಸೂ ಮುಂಚೆ ಒಂದ್ ಮಾತು

ಕಾರ್ನರ್ ಮನಿ: ನಮಸ್ಕಾರ್ರಿ ಎಲ್ಲಾರ್ಗೂ. ಕಾಲೋನಿ ಬೋರ್ ನಿನ್ನಿಯಿಂದ ಬರೇ ರಾಡಿ ಉಗುಳ್ಲಕತ್ತದ, ಮೋಟರ್ ಬಂದ್ ಮಾಡೀನಿ. ಹೊಸಾ ಬೋರ್ ಹೊಡ್ಸೋಣ ಅಂತ ಫೋನ್ ಮ್ಯಾಲ ಫೋನ್ ಬರ್ಲಕತ್ತಾವ, ಆದ್ರ ಅದೇ ನೆಲದಾಗ ಇನ್ನೊಂದ್ ತೂತ್ ಹೊಡದ್ರ ನೀರ್ ಎಲ್ಲಿಂದ ಬರಬೇಕ್ರಿ? ಮಿರಗಾ ಮಳಿ ಬರೂದ್ರಾಗ ಮಾಳಿಗಿ ಮ್ಯಾಲಿನ ಮಳಿ ನೀರ್ ಹಿಡಿಯೂ ಪೈಪ್ ಕೆಲ್ಸ ಮುಗಸೋಣ, ಅಲ್ಲಿತನಕ ಗಟಾರಕ್ಕ ಹೊಂಟಿದ್ದ ನೀರ್ ಹಿಡಿಯೋಣ.

ಗುಡಿ ಎದುರಿನ ಮನಿ: ಕಾಕಾ ಖರೆ ಅದ, ಟ್ಯಾಂಕರಿಗಿ ಕೊಟ್ಟು ಕೊಟ್ಟು ಸಾಕಾಗ್ಯದ. ಏನ್ ಹಿಡೀಬೇಕು?

ಕಾರ್ನರ್ ಮನಿ: ಮೊದ್ಲು ಆರ್‌ಓ. ಹಳೀ ಮಷಿನ್ ಒಂದ್ ಲೀಟರ್ ಕುಡಿಯೂ ನೀರಿಗಿ ಎರಡ್ ಮೂರ್ ಲೀಟರ್ ಹೊರಗ ಬಿಡ್ತದ, ಆ ಸಣ್ಣ ಪೈಪ್ ಬಕೇಟಿನ್ಯಾಗ ಇಡ್ರಿ, ನೆಲಾ ಒರಸ್ಲಿಕ್ಕಿ, ಸಂಡಾಸಕ್ಕ ಆಗ್ತದ.

ಹಿಂದಿನ ಲೈನ್, ಮ್ಯಾಲಿನ ಮನಿ: ನಾವು ಅದನ್ನ ಕೂಲರಿಗಿ ಹಾಕ್ತೀವಲ್ಲ, ನಡೀತದ?

ಕಾರ್ನರ್ ಮನಿ: ಬ್ಯಾಡ ವೈನಿ! ನಮ್ ಬೋರ್ ನೀರೇ ಸವಳು, ವೇಸ್ಟಿನ್ಯಾಗ ಉಪ್ಪು ಇನ್ನೂ ಜಾಸ್ತಿ. ಕೂಲರಿನ ಹುಲ್ಲಿಗಿ ಬೆಳ್ಳಗ ಪದರ ಕಟ್ಟಿ ಗಾಳಿ ಬರೂದೇ ಕಮ್ಮಿ ಆಗ್ತದ. ಕುಂಡದ ಗಿಡಕ್ಕೂ ದಿನಾ ಹಾಕಬ್ಯಾಡ್ರಿ, ಎಲಿ ಅಂಚು ಸುಟ್ಟಂಗ ಆಗ್ತಾವ. ಎಸಿ ಇದ್ದವರು ಎಸಿ ನೀರ್ ಗಿಡಕ್ಕ ಹಾಕ್ರಿ, ಅದ್ರಾಗ ಉಪ್ಪಿರಂಗಿಲ್ಲ.

ನಡುವಿನ ಮನಿ: ಜಳಕದ ನೀರು, ಒಗ್ಯಾಣದ ನೀರು ಡ್ರಮ್ಮಿನ್ಯಾಗ ತುಂಬಿಡ್ತೀವಿ ಅನ್ನೋರು ಒಂದಿನದ ಮ್ಯಾಲ ಇಡಬ್ಯಾಡ್ರಿ, ನಾರ್ತದ. ಮುಚ್ಚಳಾ ಗಟ್ಟಿ ಇರ್ಲಿ. ಆಸ್ಪತ್ರ್ಯಾಗ ಕೆಲ್ಸ ಮಾಡ್ದಾಕಿ ಹೇಳ್ತೀನಿ, ಡೆಂಗ್ಯೂ ಸೊಳ್ಳಿಗಿ ಕೊಳಚಿನೇ ಬೇಕಂತಿಲ್ಲ, ಸ್ವಚ್ಛ ನೀರ್ ನಿಂತ್ರೂ ಸಾಕು. ಮುಸುರಿ ನೀರಿನ್ಯಾಗ ಎಣ್ಣಿ ಜಿಡ್ಡು ಇರ್ತದ, ಅದು ಪೈಪ್ ಕಟ್ಟತದ, ಇದ್ರಾಗ ಕೂಡಿಸಬ್ಯಾಡ್ರಿ.

ಮಾಸ್ತರ್ ಮನಿ: ಲೆಕ್ಕಾ ಕೇಳ್ರಿ. ಒಂದ್ ಚದರ ಮೀಟರ್ ಮ್ಯಾಲ ಒಂದ್ ಮಿ.ಮೀ. ಮಳಿ ಬಿದ್ರ ಒಂದ್ ಲೀಟರ್. 1000 ಚದರ ಅಡಿ ಮಾಳಿಗಿ ಅಂದ್ರ ಸುಮಾರು 93 ಚದರ ಮೀಟರ್. ನಮ್ ಕಲಬುರಗಿಗಿ ವರ್ಷಕ್ಕ 700 ಮಿ.ಮೀ. ಅಂತ ಹಿಡೀರಿ, ಐದರಾಗ ಒಂದ್ ಪಾಲು ಹಾಳಾದ್ರೂ 52,000 ಲೀಟರ್. 5,000 ಲೀಟರಿನ ಟ್ಯಾಂಕರ್ ಹತ್ತು ಆತು, ಅದೂ ಒಂದೇ ಮನಿದು.

ಗುಡಿ ಎದುರಿನ ಮನಿ: ನಮ್ ಅಂಗಳದಾಗ ಗುಂಡಿ ತೋಡಿ ಬಿಟ್ರ ಆತಲ್ಲ ಮಾಸ್ತರ್ರೇ?

ಮಾಸ್ತರ್ ಮನಿ: ಸುಮ್ನ ತೋಡಿದ್ರ ಆಗಂಗಿಲ್ಲ. ನಮ್ದು ಯರಿ ಮಣ್ಣು, ಬ್ಯಾಸಗ್ಯಾಗ ಬೆರಳ್ ಹೋಗೂವಷ್ಟು ಬಿರಕ್ ಬಿಡ್ತದ, ಎರಡ್ ಮಳಿ ಬಿದ್ವು ಅಂದ್ರ ಉಬ್ಬಿ ಬಾಯಿ ಮುಚ್ಕೋತದ, ಆಮ್ಯಾಲ ನೀರ್ ಇಳೀಂಗಿಲ್ಲ, ಅಂಗಳದಾಗೇ ನಿಂತು ಪಾಯಾಕ್ಕ ಹತ್ತತದ. ಯರಿ ದಾಟಿ ಕೆಳಗ ಮೊರಮ್, ಅಂದ್ರ ಗರಸು ಮಣ್ಣು, ಸಿಗೂತನ ತೋಡಬೇಕು, ಗೋಡಿಯಿಂದ ದೂರ. ಮೊದ್ಲು ಸಂಪಿಗಿ ಬಿಡ್ರಿ, ಸಂಪ್ ತುಂಬಿ ಉಳದಿದ್ದು ಗುಂಡಿಗಿ. ಮೊದಲ್ನೇ ಮಳಿ ನೀರ್ ಹೊರಗ ಚೆಲ್ರಿ, ಮಾಳಿಗಿ ಧೂಳು ಪಾರಿವಾಳದ ಹೇಲು ಎಲ್ಲಾ ಅದ್ರಾಗೇ ಇರ್ತದ. ಸಂಪಿನ ಬಾಯಾಗ ಜಲ್ಲಿ, ಇದ್ದಲಿ, ಮರಳಿನ ಫಿಲ್ಟರ್. ಬತ್ತಿದ ಬೋರಿನ ಕೇಸಿಂಗಿಗಿ, ಅಂದ್ರ ಬೋರಿನ್ಯಾಗ ಇಳಿಸಿದ ಪೈಪಿಗಿ, ಸೀದಾ ಯಾರೂ ಬಿಡಬ್ಯಾಡ್ರಿ, ಸುತ್ತಲಿನ ಬೋರಿನ ನೀರೂ ಕೆಡ್ತದ. ಬಚ್ಚಲ ನೀರಂತೂ ಆ ಕಡಿ ಸುಳೀಲೇಬಾರ್ದು.

ಬಾಡಗಿ ಮನಿ, ಕೆಳಗ: ನಾವು ಬಾಡಗಿ ಮಂದಿ, ಪೈಪ್ ಯಾರ್ ಹಾಕ್ಸಬೇಕು? ಮಾಲಕ್ರು ಹೈದರಾಬಾದಿನ್ಯಾಗ ಅದಾರ, ಬಾಡಗಿ ತಡ ಆದ್ರ ಅಷ್ಟೇ ಫೋನ್ ಮಾಡ್ತಾರ 😄

ಕಾರ್ನರ್ ಮನಿ: ನಂಬರ್ ನನಗ ಪ್ರೈವೇಟ್ ಕಳಸಪ್ಪ, ನಾ ಮಾತಾಡ್ತೀನಿ. ಪೈಪಿನ ಖರ್ಚು ಮಾಲಕ್ರದೇ, ಬಕೇಟ್ ಕೆಲ್ಸ ನಿಮ್ದು. ಹೊಸಾ ಬೋರಿನ ಮಾತು ಮಳಿಗಾಲ ಮುಗದ್ ಮ್ಯಾಲ, ಇದಕ್ಕ ಒಪ್ಪಿಗಿ ಇದ್ದವರು 👍 ಒತ್ರಿ. ಐತವಾರ ಮುಂಜಾನಿ ಬಿಸಲೇರೂದ್ರಾಗ ಪ್ಲಂಬರ್ ಬರ್ತಾನ, ಮನಿ ಮನಿ ಮಾಳಿಗಿ ಅಳತಿ ತಗೋತಾನ, ಅಷ್ಟ್ರಾಗ ಮಾಳಿಗಿ ಮ್ಯಾಲಿನ ಹಳೀ ಸಾಮಾನು ಸರಸ್ರಿ. ಉದ್ದನ್ ಏಣಿ ಯಾರ ಮನ್ಯಾಗ ಅದ?

ಹಿಂದಿನ ಲೈನ್, ಮ್ಯಾಲಿನ ಮನಿ: 👍 ನಮ್ಮಲ್ಲಿ ಅದ, ಆದ್ರ ಒಂದ್ ಮೆಟ್ಲ ಮುರದದ.